ರಕ್ತಸ್ರಾವ ನಿಲ್ಲಿಸುವ ಮಾತ್ರೆಯಿಂದ ಹೃದಯಾಘಾತ ಆಗುತ್ತದೆಯೇ? ಸ್ಟೆಂಟ್ ಇರುವ ಅವ್ವನಿಗೆ ಬರೆದುಕೊಟ್ಟಿದ್ದಾರೆ

ವಿರಾಜಪೇಟೆಯ ಮಗಳು

ಅವ್ವನಿಗೆ ಐವತ್ತೊಂದು ವರ್ಷ. ಈ ಸಲದ ಮಳೆಗಾಲ ಶುರುವಾಗುವ ಹೊತ್ತಿಗೆ ಎದೆನೋವು ಬಂದು, ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಅಂದಿನಿಂದ ರಕ್ತ ತೆಳುವಾಗಿಸುವ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದಾರೆ. ಮುಟ್ಟು ನಿಲ್ಲುವ ವಯಸ್ಸು ಬೇರೆ. ಮೊದಲೇ ಹೆಚ್ಚು ಹೋಗುತ್ತಿತ್ತು, ಈ ಮಾತ್ರೆಗಳು ಶುರುವಾದ ಮೇಲೆ ಗಡ್ಡೆಗಡ್ಡೆಯಾಗಿ ಹೋಗುತ್ತಿದೆ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆ. ಇಲ್ಲಿಯ ಒಬ್ಬ ವೈದ್ಯರು ರಕ್ತಸ್ರಾವ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮತ್ತು ನೋವಿನ ಮೆಫೆನಾಮಿಕ್ ಆಸಿಡ್ ಎರಡೂ ಸೇರಿರುವ ಮಾತ್ರೆ ಬರೆದುಕೊಟ್ಟರು. ಚೀಟಿಯಲ್ಲಿ ಸ್ಟೆಂಟ್ ವಿಷಯ ಎಲ್ಲಿಯೂ ಇಲ್ಲ.

ಮನೆಯಲ್ಲಿ ಈಗ ಇದೇ ಮಾತು. ಚಿಕ್ಕಪ್ಪ, "ಅದು ರಕ್ತ ಹೆಪ್ಪುಗಟ್ಟಿಸುವ ಮಾತ್ರೆ, ಸ್ಟೆಂಟ್ ಒಳಗೇ ಹೆಪ್ಪುಗಟ್ಟಿದರೆ ಏನು ಮಾಡುತ್ತೀರಿ" ಎನ್ನುತ್ತಾರೆ. ಅವ್ವ ಹೆದರಿ ಅದನ್ನು ಮುಟ್ಟಿಲ್ಲ. ಬದಲಿಗೆ, "ರಕ್ತ ತೆಳುವಾಗಿಸುವ ಮಾತ್ರೆಯನ್ನೇ ಕೆಲವು ದಿನ ನಿಲ್ಲಿಸಿಬಿಡುತ್ತೇನೆ, ಎಲ್ಲ ಸರಿಹೋಗುತ್ತದೆ" ಎಂದು ಹಟ ಹಿಡಿದಿದ್ದಾರೆ. ಮೈಸೂರಿನ ವೈದ್ಯರ ಭೇಟಿಗೆ ಇನ್ನೂ ದಿನಗಳಿವೆ. ಇಲ್ಲಿ ವೈದ್ಯಕೀಯ ಬಲ್ಲವರು ಇದ್ದಾರೆ ಎಂದು ಗೊತ್ತು. ದಯವಿಟ್ಟು ಹೇಳಿ.

ನಿವೃತ್ತ ದಾದಿ, ಮಡಿಕೇರಿ

ಮಗಳೇ, ಮೊದಲು ಈ ಒಂದು ಕೆಲಸ ಮಾಡು. ಅವ್ವ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ನಿಲ್ಲಿಸದಂತೆ ನೋಡಿಕೋ. ಸ್ಟೆಂಟ್ ಹಾಕಿ ಕೆಲವೇ ತಿಂಗಳಾಗಿದೆ. ಆ ಲೋಹದ ಜಾಲರಿಯ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳುವವರೆಗೂ ಅದನ್ನು ಕಾಯುವುದು ಈ ಎರಡು ಮಾತ್ರೆಗಳೇ. ಹೃದಯ ವೈದ್ಯರನ್ನು ಕೇಳದೆ ಒಟ್ಟಿಗೆ ನಿಲ್ಲಿಸಿದರೆ ಸ್ಟೆಂಟ್ ಏಕಾಏಕಿ ಮುಚ್ಚಿಹೋಗಬಹುದು, ಅದು ಪ್ರಾಣಕ್ಕೇ ಎರವಾಗುವ ಹೃದಯಾಘಾತ. ಚಿಕ್ಕಪ್ಪನ ಭಯ ಯಾವ ಮಾತ್ರೆಯ ಮೇಲಿದೆಯೋ ಅದಕ್ಕಿಂತ ದೊಡ್ಡ ಅಪಾಯ ಅವ್ವ ಹಿಡಿದಿರುವ ಹಟದಲ್ಲಿದೆ.

ಇಂದೇ ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡು. ಭೇಟಿಯ ದಿನದವರೆಗೆ ಕಾಯಬೇಡ. ಬಿಡುಗಡೆ ಪತ್ರದಲ್ಲಿ ವಿಭಾಗದ ಸಂಖ್ಯೆ ಇರುತ್ತದೆ. ಬಟ್ಟೆ ಗಂಟೆಗೊಂದರಂತೆ ತೋಯುತ್ತಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಉಸಿರು ಸಿಕ್ಕಿಕೊಂಡರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಔಷಧ ಅಂಗಡಿ, ಗೋಣಿಕೊಪ್ಪ

ದಾದಿ ಅಕ್ಕ ಹೇಳಿದ್ದು ಸರಿ. ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಎಲ್ಲರೂ ಆ ಮಾತ್ರೆಯ ಟ್ರಾನೆಕ್ಸಾಮಿಕ್ ಭಾಗಕ್ಕೆ ಹೆದರುತ್ತಿದ್ದೀರಿ. ನನ್ನ ಕಣ್ಣು ಮೊದಲು ಹೋದದ್ದು ಮೆಫೆನಾಮಿಕ್ ಆಸಿಡ್ ಮೇಲೆ. ಅದು ನೋವಿನ ಔಷಧ, ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಇರುವ ಗುಂಪಿನದು. ಈ ಗುಂಪಿನ ಔಷಧಗಳು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಬಳಸಿದ ಮೊದಲ ವಾರಗಳಲ್ಲೇ ಅಪಾಯ ಬರಬಹುದು, ಇತ್ತೀಚೆಗೆ ಹೃದಯಾಘಾತ ಆದವರಿಗೆ ಇನ್ನೂ ಹೆಚ್ಚು ಎಂದು ಅದರಲ್ಲಿದೆ. ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಜೊತೆಗೆ ಇದೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸುರಿಯುವ ಸಾಧ್ಯತೆ ಬೇರೆ.

ಮುಟ್ಟಿನ ನೋವಿಗೂ ಸ್ರಾವಕ್ಕೂ ಒಂದೇ ಮಾತ್ರೆ ಎಂದು ಈ ಜೋಡಿಯನ್ನು ಬರೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹೃದಯದ ತೊಂದರೆ ಇಲ್ಲದ ಹೆಣ್ಣುಮಕ್ಕಳಿಗೆ ಕೆಲವು ದಿನದ ಮಟ್ಟಿಗೆ ಅಡ್ಡಿಯಿಲ್ಲ. ನಿಮ್ಮ ಅವ್ವನ ಮಾತು ಬೇರೆ. ಚೀಟಿ ಬರೆದ ವೈದ್ಯರಿಗೆ ಸ್ಟೆಂಟ್ ವಿಷಯ ಗೊತ್ತಿತ್ತೇ ಎಂದು ಕೇಳಿ. ಗೊತ್ತಿರಲಿಲ್ಲ ಎಂದೇ ನನ್ನ ಊಹೆ.

ಕುಶಾಲನಗರದ ವೈದ್ಯ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ. ಆದರೆ ಕೇಳಿರುವ ಪ್ರಶ್ನೆ ಮುಖ್ಯವಾದದ್ದು, ಉತ್ತರವೂ ಸಾಕಷ್ಟು ತಿಳಿದಿದೆ.

ಟ್ರಾನೆಕ್ಸಾಮಿಕ್ ಆಸಿಡ್ ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ. ಗಾಯವಾದಾಗ ದೇಹ ತಾನೇ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದು ತೂತು ಮುಚ್ಚುತ್ತದೆ. ಆಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಆ ಬಲೆಯನ್ನು ನಿಧಾನಕ್ಕೆ ಕರಗಿಸುತ್ತದೆ. ಈ ಔಷಧ ಕರಗುವಿಕೆಯನ್ನು ತಡೆಯುತ್ತದೆ. ಗದ್ದೆಯ ಬದು ಒಡೆದಾಗ ಹಾಕಿದ ಮಣ್ಣು ನೀರಿಗೆ ಕೊಚ್ಚಿಹೋಗದಂತೆ ಕಾಯುವ ಕೆಲಸ, ಅಷ್ಟೇ. ಹೊಸ ಮಣ್ಣನ್ನು ಇದು ತಂದು ಸುರಿಯುವುದಿಲ್ಲ.

ಹಾಗೆಂದು ಚಿಕ್ಕಪ್ಪನ ಭಯಕ್ಕೆ ಬುಡವೇ ಇಲ್ಲ ಎನ್ನಲಾರೆ. ಬೇಡದ ಜಾಗದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನೂ ಕರಗದಂತೆ ಈ ಔಷಧ ಕಾಯಬಹುದಲ್ಲವೇ ಎಂಬುದು ವೈದ್ಯರೇ ದಶಕಗಳಿಂದ ಕೇಳಿಕೊಂಡು ಬಂದ ಪ್ರಶ್ನೆ. ಅದಕ್ಕಾಗಿಯೇ ದೊಡ್ಡ ಪ್ರಯೋಗಗಳು ನಡೆದವು. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2ರಲ್ಲಿ ಅಪಘಾತದ ಗಾಯಾಳುಗಳು 20,211 ಮಂದಿ. ಔಷಧ ಪಡೆದವರಲ್ಲಿ ಸತ್ತವರು ಶೇ. 14.5, ಪಡೆಯದವರಲ್ಲಿ ಶೇ. 16. ಹೃದಯಾಘಾತ ಔಷಧ ಪಡೆದ ಗುಂಪಿನಲ್ಲೇ ಕಡಿಮೆ, 35 ಜನರಿಗೆ. ಇನ್ನೊಂದು ಗುಂಪಿನಲ್ಲಿ 55. ಗಾಯಾಳುಗಳಲ್ಲಿ ಎಳೆಯ ವಯಸ್ಸಿನವರು ಹೆಚ್ಚು, ಅವರ ಹೃದಯ ಗಟ್ಟಿ ಎಂದು ನೀವು ಹೇಳಬಹುದು, ಅದು ನ್ಯಾಯವಾದ ಆಕ್ಷೇಪ. ಆದ್ದರಿಂದ ನಿಮ್ಮ ಅವ್ವನಿಗೆ ಹತ್ತಿರ ಬರುವುದು 2022ರ ಪಾಯ್ಸ್-3 ಪ್ರಯೋಗ. ಹೃದಯದ್ದಲ್ಲದ ಬೇರೆ ಶಸ್ತ್ರಚಿಕಿತ್ಸೆಗೆ ಬಂದ, ಆದರೆ ಹೃದಯದ ತೊಂದರೆಯ ಸಾಧ್ಯತೆ ಇದ್ದ 9,535 ರೋಗಿಗಳು ಅದರಲ್ಲಿದ್ದರು. ಗಂಭೀರ ರಕ್ತಸ್ರಾವ ಔಷಧ ಪಡೆದವರಲ್ಲಿ ಶೇ. 9.1, ಪಡೆಯದವರಲ್ಲಿ 11.7. ಹೃದಯ ಮತ್ತು ರಕ್ತನಾಳದ ತೊಂದರೆಗಳು ಕ್ರಮವಾಗಿ 14.2 ಮತ್ತು 13.9, ಹೆಚ್ಚು ಕಡಿಮೆ ಒಂದೇ. ಆದರೂ "ಅಪಾಯ ಖಂಡಿತ ಹೆಚ್ಚುವುದಿಲ್ಲ" ಎನ್ನಲು ಸಂಶೋಧಕರು ಮೊದಲೇ ಹಾಕಿಕೊಂಡಿದ್ದ ಕಟ್ಟುನಿಟ್ಟಾದ ಗೆರೆಯನ್ನು ಆ ಅಂಕಿಗಳು ಕೂದಲೆಳೆಯಲ್ಲಿ ಮುಟ್ಟಲಿಲ್ಲ. ಈ ಭಾಗವನ್ನು ಮುಚ್ಚಿಟ್ಟು ಬರೀ ಒಳ್ಳೆಯ ಸುದ್ದಿ ಹೇಳುವುದು ಸರಿಯಲ್ಲ.

ಸ್ಟೆಂಟ್ ಹೊಸದಾಗಿರುವಾಗ ಮಾತ್ರೆ ಕೊಡಬೇಕೇ ಬೇಡವೇ ಎಂಬುದನ್ನು ಸ್ತ್ರೀರೋಗ ತಜ್ಞರು ಮತ್ತು ಹೃದಯ ತಜ್ಞರು ಮಾತಾಡಿಕೊಂಡು ತೀರ್ಮಾನಿಸಬೇಕು. ಮುಟ್ಟಿನ ಸ್ರಾವಕ್ಕೆ ಈ ಮಾತ್ರೆಯನ್ನು ಅಮೆರಿಕದಲ್ಲಿ ಮಾರುವಾಗ, ಹೆಪ್ಪಿನ ಕಾಯಿಲೆ ಇರುವವರಿಗೆ, ಹಿಂದೆ ಬಂದವರಿಗೆ ಕೊಡಬಾರದು ಎಂದೇ ಬರೆದಿರುತ್ತಾರೆ.

ಮೂರ್ನಾಡಿನ ತೋಟದವರು

ವೈದ್ಯರೇ, ನನ್ನ ನೆನಪಿನಲ್ಲಿ ಒಂದು ಸುದ್ದಿಯಿದೆ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು ಕೊಡುತ್ತಿದ್ದ ಔಷಧವೊಂದನ್ನು, ಜನ ಸಾಯುತ್ತಾರೆ ಎಂದು ಹಿಂದಕ್ಕೆ ಪಡೆದರು. ಅದೂ ಇದೂ ಒಂದೇ ಅಲ್ಲವೇ?

ಸೋಮವಾರಪೇಟೆ, ಔಷಧ ಶಾಸ್ತ್ರದ ಮಾಜಿ ಅಧ್ಯಾಪಕ

ಒಂದೇ ಅಲ್ಲ. ಈ ಗೊಂದಲ ಬಿಡಿಸಲೇಬೇಕು, ಏಕೆಂದರೆ ಅರ್ಧ ಭಯ ಅಲ್ಲಿಂದಲೇ ಹರಿದು ಬಂದಿದೆ.

ಅದರ ಹೆಸರು ಅಪ್ರೊಟಿನಿನ್, ಬಾಯರ್ ಕಂಪನಿಯ ಟ್ರಾಸಿಲಾಲ್. ದನದ ಶ್ವಾಸಕೋಶದಿಂದ ತೆಗೆಯುವ ಪ್ರೋಟೀನ್. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೋಗುವುದನ್ನು ಕಡಿಮೆ ಮಾಡಲು ಅಮೆರಿಕದಲ್ಲಿ 1993ರಿಂದ ಬಳಕೆಯಲ್ಲಿತ್ತು. 2006ರ ಜನವರಿಯಲ್ಲಿ 4,374 ರೋಗಿಗಳ ದಾಖಲೆ ಆಧರಿಸಿದ ಅಧ್ಯಯನವೊಂದು ಹೊರಬಂತು. ಅಪ್ರೊಟಿನಿನ್ ಪಡೆದವರಲ್ಲಿ ಹೃದಯಾಘಾತ ಅಥವಾ ಹೃದಯ ವೈಫಲ್ಯ ಶೇ. 55ರಷ್ಟು ಹೆಚ್ಚು, ಮೂತ್ರಪಿಂಡ ಕೈಕೊಡುವುದು ಎರಡು ಪಟ್ಟು. ಗಮನಿಸಿ, ಅದೇ ಅಧ್ಯಯನದಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಮತ್ತು ಅದೇ ಬಗೆಯ ಅಮೈನೋಕ್ಯಾಪ್ರೋಯಿಕ್ ಆಸಿಡ್ ಪಡೆದವರಲ್ಲಿ ಈ ಏರಿಕೆ ಕಾಣಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಅಪ್ರೊಟಿನಿನ್ ಬಗ್ಗೆ ಚರ್ಚಿಸಲು ಸಭೆ ಸೇರಿತ್ತು. ಕಂಪನಿ ತಾನೇ ಹಣ ಕೊಟ್ಟು ಮಾಡಿಸಿದ್ದ ಇನ್ನೊಂದು ದೊಡ್ಡ ಅಧ್ಯಯನ ಅಷ್ಟರಲ್ಲಿ ಕೈಸೇರಿತ್ತು, ಅದರಲ್ಲೂ ಅಪಾಯ ಕಂಡಿತ್ತು. ಸಭೆಗೆ ಅದನ್ನು ತಿಳಿಸಲೇ ಇಲ್ಲ! ಕೆಲವು ದಿನಗಳ ನಂತರ ವಿಷಯ ಹೊರಬಿತ್ತು. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತಿತ್ತು. ಔಷಧಕ್ಕೆ ಅಡ್ಡಪರಿಣಾಮ ಇರುವುದು ಸಹಜ, ಅದನ್ನು ಬಲ್ಲವರು ಬಾಯಿ ಮುಚ್ಚಿಕೊಂಡಿರುವುದು ಸಹಜವಲ್ಲ.

ಮುಂದೆ ಕೆನಡಾದಲ್ಲಿ ಬಾರ್ಟ್ ಎಂಬ ಪ್ರಯೋಗದಲ್ಲಿ ಮೂರೂ ಔಷಧಗಳನ್ನು ನೇರವಾಗಿ ಹೋಲಿಸಿದರು, 2,331 ರೋಗಿಗಳು. ಅಪ್ರೊಟಿನಿನ್ ಗುಂಪಿನಲ್ಲಿ ಸಾವು ಶೇ. 6, ಉಳಿದ ಎರಡರಲ್ಲೂ ಸುಮಾರು 4. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು, 2007ರ ನವೆಂಬರಿನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. 2012ರಲ್ಲಿ ಯುರೋಪಿನ ಔಷಧ ಸಂಸ್ಥೆ ಎಲ್ಲ ಸಾಕ್ಷ್ಯವನ್ನು ಮತ್ತೆ ತೂಗಿ, ಆಯ್ದ ಬೈಪಾಸ್ ರೋಗಿಗಳಿಗೆ ಕೊಡಬಹುದು ಎಂದಿತು. ಆ ಕಥೆಯೂ ಅಲ್ಲಿಗೆ ಸಂಪೂರ್ಣ ಕಪ್ಪುಬಿಳುಪಾಗಿ ಮುಗಿಯಲಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್‌ನ ಹಿನ್ನೆಲೆಯೇ ಬೇರೆ. ಜಪಾನಿನ ವೈದ್ಯೆ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಇದನ್ನು ಕಂಡುಹಿಡಿದರು. ಹೆರಿಗೆಯ ನಂತರ ರಕ್ತ ಹರಿದು ಸಾಯುವ ತಾಯಂದಿರನ್ನು ಉಳಿಸುವುದು ಉಟಾಕೊ ಅವರ ಆಸೆಯಾಗಿತ್ತು.

ನಿಜವಾಗಿ ಹೃದಯಕ್ಕೆ ಅಪಾಯ ತಂದದ್ದೆಂದು ಅಂಕಿಗಳಲ್ಲೇ ಕಂಡ ಔಷಧ ಬೇಕಾದರೆ ಇನ್ನೊಂದಿದೆ, ಫ್ಯಾಕ್ಟರ್ ಸೆವೆನ್-ಎ. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇರುವ ಕೆಲವರಿಗೆ ಅದು ಜೀವ ಉಳಿಸುವ ಚುಚ್ಚುಮದ್ದು. ಹಿಮೋಫಿಲಿಯಾ ಇಲ್ಲದವರಿಗೂ, ರಕ್ತ ನಿಲ್ಲಲಿ ಎಂದು ಕೊಡತೊಡಗಿದರು. 2010ರಲ್ಲಿ 35 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಔಷಧ ಪಡೆದವರಲ್ಲಿ ಶೇ. 2.9, ಪಡೆಯದವರಲ್ಲಿ 1.1. ವಯಸ್ಸಾದಂತೆ ಅಂತರ ಇನ್ನೂ ಹೆಚ್ಚು. ಇದು ನೇರವಾಗಿ ಹೆಪ್ಪುಗಟ್ಟುವ ಕ್ರಿಯೆಯನ್ನೇ ಚುರುಕುಗೊಳಿಸುತ್ತದೆ. "ರಕ್ತ ನಿಲ್ಲಿಸುವ ಔಷಧ" ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ನಾಪೋಕ್ಲು

ನನ್ನ ನಾದಿನಿ ಹಲವು ವರ್ಷ ಮುಟ್ಟಿನ ದಿನಗಳಲ್ಲಿ ಟ್ರಾನೆಕ್ಸಾಮಿಕ್ ತೆಗೆದುಕೊಂಡಿದ್ದಾರೆ, ಏನೂ ಆಗಿಲ್ಲ. ಇಷ್ಟೆಲ್ಲ ಹೆದರಿಸಿದರೆ ಹೆಣ್ಣುಮಕ್ಕಳು ಇರುವ ಒಂದು ಔಷಧವನ್ನೂ ಬಿಡುತ್ತಾರೆ.

2025ರಲ್ಲಿ ನಮ್ಮ ಪಕ್ಕದ ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗಿನಿಂದ ಇಲ್ಲಿಯೂ ಎಲ್ಲರಿಗೂ ಎಲ್ಲದರ ಮೇಲೂ ಅನುಮಾನ.

ನಿವೃತ್ತ ದಾದಿ, ಮಡಿಕೇರಿ

ನಾಪೋಕ್ಲಿನವರ ಮಾತಿನಲ್ಲಿ ನನಗೆ ಬೇಕಾದ ಅಂಶವಿದೆ. ಹೆಣ್ಣುಮಕ್ಕಳು ರಕ್ತ ಹೋಗುವುದನ್ನು ಹೇಳಿಕೊಳ್ಳುವುದೇ ಇಲ್ಲ. ಹಿಮೋಗ್ಲೋಬಿನ್ ಆರಕ್ಕೆ ಇಳಿದವರು ಕಾಫಿ ಕುಯ್ಯುತ್ತಿರುತ್ತಾರೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇರುವವರು, ಆದಿವಾಸಿ ಹಾಡಿಗಳಲ್ಲಿ ಇರುವವರು ಏದುಸಿರು ಬಿಡುತ್ತಾ ಬಂದು, "ಸ್ವಲ್ಪ ಸುಸ್ತು" ಎನ್ನುತ್ತಾರೆ. ರಕ್ತಹೀನತೆಯೂ ಹೃದಯಕ್ಕೆ ಹೊರೆಯೇ. ರಕ್ತನಾಳ ಕಿರಿದಾಗಿರುವವರಲ್ಲಿ ಆಮ್ಲಜನಕ ಸಾಲದೆ ಹೃದಯದ ಸ್ನಾಯುವಿಗೆ ಏಟು ಬೀಳಬಹುದು. ರಕ್ತಸ್ರಾವ ಹಾಗೆಯೇ ಬಿಟ್ಟರೂ ಅಪಾಯವಿದೆ ಎಂಬುದನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ.

ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವಳು ನಾನು. 20,060 ತಾಯಂದಿರ ಮೇಲೆ ನಡೆದ ವುಮನ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ರಕ್ತ ಹೋಗಿ ಸತ್ತವರು ಶೇ. 1.9ರಿಂದ 1.5ಕ್ಕೆ ಇಳಿದರು, ಹೆಪ್ಪಿನ ತೊಂದರೆ ಹೆಚ್ಚಲಿಲ್ಲ. ಆ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ, ಹೆರಿಗೆಯ ನಂತರದ ಅತಿಸ್ರಾವಕ್ಕೆ ಮೂರು ಗಂಟೆಯೊಳಗೆ ಒಂದು ಗ್ರಾಂ ಕೊಡಿ ಎಂದಿತು. ಶೇಕಡಾ ಅರ್ಧಕ್ಕಿಂತ ಕಡಿಮೆ ಇಳಿಕೆ ಎಂದು ತಳ್ಳಿಹಾಕಬೇಡಿ. ಆ ಅಂಕಿಯೊಳಗೆ ಇರುವುದು ಬಾಣಂತಿಯರು.

ಕುಶಾಲನಗರದ ವೈದ್ಯ

ಹಾಸನದ ಸಾವುಗಳಿಗೂ ಈ ಔಷಧಕ್ಕೂ ಸಂಬಂಧ ಕಲ್ಪಿಸಲು ಯಾವ ಆಧಾರವೂ ಇಲ್ಲ. ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಇವನ್ನು ಬಿಟ್ಟು ಬೇರೆಡೆ ಹುಡುಕುವ ಚಟ ನಮ್ಮಲ್ಲಿದೆ.

ನಾದಿನಿಯವರಿಗೆ ಏನೂ ಆಗದೇ ಇದ್ದದ್ದು ಸಂತೋಷ. ಹೃದಯ ಸರಿಯಿದ್ದು, ಮುಟ್ಟಿನ ನಾಲ್ಕೈದು ದಿನಕ್ಕಷ್ಟೇ ತೆಗೆದುಕೊಳ್ಳುವವರಿಗೆ ಅಪಾಯ ತೀರಾ ಕಡಿಮೆ. ಆದರೆ ಪ್ರಮಾಣ, ದಿನ, ರೋಗಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಜಠರ ಮತ್ತು ಕರುಳಿನ ರಕ್ತಸ್ರಾವಕ್ಕೆ 24 ಗಂಟೆ ಕಾಲ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದ ಹಾಲ್ಟ್-ಇಟ್ ಪ್ರಯೋಗದಲ್ಲಿ, 2020ರದ್ದು, ಸಾವು ಕಡಿಮೆಯಾಗಲಿಲ್ಲ. ಕಾಲು ಮತ್ತು ಶ್ವಾಸಕೋಶದ ನಾಳಗಳ ಹೆಪ್ಪು ಮಾತ್ರ ಶೇ. 0.4ರಿಂದ 0.8ಕ್ಕೆ ಏರಿತು. ಹೃದಯಾಘಾತದಂತಹವು ಏರಲಿಲ್ಲ. ಮೂತ್ರಪಿಂಡ ದುರ್ಬಲ ಇರುವವರಲ್ಲಿ ಔಷಧ ದೇಹದಲ್ಲೇ ಉಳಿಯುತ್ತದೆ, ಆದ್ದರಿಂದ ಪ್ರಮಾಣ ಇಳಿಸಬೇಕು.

ಔಷಧ ಅಂಗಡಿ, ಗೋಣಿಕೊಪ್ಪ

ಅಂಗಡಿಯಲ್ಲಿ ಕಾಣುವ ಎರಡು ಸಂಗತಿ ಹೇಳದೆ ಇರಲಾರೆ.

ಒಂದು, ಮುಖದ ಬಂಗಿಗೆ, ಅಂದರೆ ಕಂದು ಕಲೆಗೆ, ಟ್ರಾನೆಕ್ಸಾಮಿಕ್ ಮಾತ್ರೆ. ಚರ್ಮ ವೈದ್ಯರು ಪರೀಕ್ಷೆ ಮಾಡಿ, ಕಡಿಮೆ ಪ್ರಮಾಣದಲ್ಲಿ ಬರೆದರೆ ಅದು ಬೇರೆ ಮಾತು. ಆದರೆ ಪಕ್ಕದ ಮನೆಯವರ ಹಳೆಯ ಚೀಟಿ ಹಿಡಿದು ಬಂದು ತಿಂಗಳುಗಟ್ಟಲೆ ಬೇಕು ಎನ್ನುವವರಿದ್ದಾರೆ. ಅವರಲ್ಲಿ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಇರುತ್ತಾರೆ. ಈಸ್ಟ್ರೊಜೆನ್ ಇರುವ ಮಾತ್ರೆಯ ಜೊತೆ ಇದನ್ನು ಕೂಡಿಸಬಾರದು. ನಾನು ಕೊಡುವುದಿಲ್ಲ, ಜಗಳವಾದರೂ ಸರಿ.

ಇನ್ನೊಂದು ಹಬ್ಬದ ಕಾಲದ್ದು. ತಲಕಾವೇರಿಯ ತುಲಾ ಸಂಕ್ರಮಣ, ಪುತ್ತರಿ, ಮದುವೆಯ ತಿಂಗಳುಗಳು ಹತ್ತಿರ ಬಂದರೆ ಮುಟ್ಟು ಮುಂದೂಡಲು ನೊರೆಥಿಸ್ಟೆರಾನ್ ಕೇಳುತ್ತಾರೆ. ಅತಿಸ್ರಾವ ನಿಲ್ಲಿಸಲು ಕೊಡುವುದೂ ಇದನ್ನೇ. ಇದರ ಒಂದು ಪಾಲು ದೇಹದೊಳಗೆ ಎಥಿನೈಲ್ ಈಸ್ಟ್ರಡಯೋಲ್ ಎಂಬ ಈಸ್ಟ್ರೊಜೆನ್ ಆಗಿ ಮಾರ್ಪಡುತ್ತದೆ, ಗರ್ಭನಿರೋಧಕ ಮಾತ್ರೆಯಲ್ಲಿ ಇರುವುದೂ ಅದೇ. ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ದೇವರ ದರ್ಶನಕ್ಕೆ ಹೊರಟವರನ್ನು ಕೌಂಟರಿನಲ್ಲಿ ನಿಲ್ಲಿಸಿ ಇಷ್ಟು ಪ್ರಶ್ನೆ ಕೇಳುವುದು ಅವರಿಗೆ ಇಷ್ಟವಾಗುವುದಿಲ್ಲ. ಆದರೂ ಕೇಳುತ್ತೇನೆ.

ಅಮ್ಮತ್ತಿ

ನಮ್ಮದು ಬೇರೆ ಪ್ರಶ್ನೆ. ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದ ಕೆಲಸಗಾರರೊಬ್ಬರಿಗೆ ಆಸ್ಪತ್ರೆಯಲ್ಲಿ ಇದೇ ಚುಚ್ಚುಮದ್ದು ಕೊಟ್ಟರು. ಅವರಿಗೆ ವಯಸ್ಸು ಅರವತ್ತು ದಾಟಿದೆ, ರಕ್ತದೊತ್ತಡವೂ ಇದೆ. ಈ ಚರ್ಚೆ ಓದಿ ಮನೆಯವರು ಗಾಬರಿಯಾಗಿದ್ದಾರೆ.

ಕುಶಾಲನಗರದ ವೈದ್ಯ

ಗಾಬರಿ ಬೇಡ, ಕೊಟ್ಟದ್ದು ಸರಿ. ಬಿದ್ದು ಒಳಗೆ ರಕ್ತ ಹರಿಯುತ್ತಿರುವಾಗ ಆ ಕ್ಷಣದ ಶತ್ರು ರಕ್ತಸ್ರಾವ. ಇಲ್ಲಿ ಸಮಯವೇ ಮುಖ್ಯ. ಕ್ರ್ಯಾಶ್-2ರ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಗಾಯವಾದ ಒಂದು ಗಂಟೆಯೊಳಗೆ ಕೊಟ್ಟವರಿಗೆ ಲಾಭ ಹೆಚ್ಚು, ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ರಕ್ತಸ್ರಾವದ ಸಾವು ಹೆಚ್ಚಾದದ್ದು ಕಂಡಿತು. ತೋಟದ ಒಳಗಿನ ಕಚ್ಚಾ ರಸ್ತೆ, ಆನೆ ದಾಟುವ ಜಾಗ, ಮಳೆಗಾಲದ ಮಣ್ಣು, ಇವೆಲ್ಲ ಆ ಮೂರು ಗಂಟೆಯನ್ನು ತಿನ್ನುತ್ತವೆ. ಯಾರಾದರೂ ಎತ್ತರದಿಂದ ಬಿದ್ದರೆ ಮೊದಲು ಮನೆಗೆ ಒಯ್ದು ಮಲಗಿಸಿ ನೋಡೋಣ ಎನ್ನಬೇಡಿ. 108ಕ್ಕೆ ಕರೆ ಮಾಡಿ, ಬಿದ್ದ ಸಮಯವನ್ನು ನೆನಪಿಟ್ಟು ಹೇಳಿ.

ವಿರಾಜಪೇಟೆಯ ಮಗಳು

ಎಲ್ಲರಿಗೂ ಕೃತಜ್ಞತೆ. ದಾದಿ ಅಕ್ಕ ಹೇಳಿದಂತೆ ಅಂದೇ ಮೈಸೂರಿಗೆ ಫೋನ್ ಮಾಡಿದೆ. ಹೃದಯ ವೈದ್ಯರು ಅವ್ವನ ಹತ್ತಿರವೇ ಮಾತನಾಡಿ, ಎರಡೂ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಗದರಿದರು. ಅವ್ವ ನನ್ನ ಮಾತು ಕೇಳುವುದಿಲ್ಲ, ಅವರ ಮಾತು ಕೇಳಿದರು. ಹೊಟ್ಟೆಯ ರಕ್ಷಣೆಗೆ ಒಂದು ಮಾತ್ರೆ ಸೇರಿಸಿದರು.

ಇಲ್ಲಿಯ ವೈದ್ಯರ ಬಳಿಗೂ ಮೈಸೂರಿನ ಕಾಗದಗಳೊಂದಿಗೆ ಹೋದೆವು. ನೋಡಿದ ತಕ್ಷಣ ಜೋಡಿ ಮಾತ್ರೆ ನಿಲ್ಲಿಸಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು ಎಂದರು. ಟ್ರಾನೆಕ್ಸಾಮಿಕ್ ಅನ್ನು ಹೃದಯ ವೈದ್ಯರು ಸದ್ಯಕ್ಕೆ ಬೇಡ ಎಂದಿದ್ದಾರೆ. ಈ ವಯಸ್ಸಿನಲ್ಲಿ ಇಷ್ಟು ಹೋಗುತ್ತಿದ್ದರೆ ಕಾರಣ ನೋಡದೆ ಬಿಡಬಾರದು ಎಂದು ಸ್ಕ್ಯಾನ್ ಮಾಡಿ, ಗರ್ಭಕೋಶದ ಒಳಪದರದ ತುಣುಕನ್ನೂ ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದು ಏನೂ ಇಲ್ಲ. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟಾಯಿತು. ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೆ ಇಡುವ ಯೋಚನೆಯಿದೆ, ಇಬ್ಬರು ವೈದ್ಯರೂ ಒಪ್ಪಿದ್ದಾರೆ. ಚಿಕ್ಕಪ್ಪನಿಗೆ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಫ್ಯಾಕ್ಟರ್ ಸೆವೆನ್-ಎ ವಿಷಯ ಬಂದಾಗ, "ನಾನು ಹೇಳಿದ್ದು ಸುಳ್ಳೇನಲ್ಲ" ಎಂದರು. ಸುಳ್ಳಲ್ಲ, ಔಷಧ ಬೇರೆ ಎಂದೆ.

ಮೂರ್ನಾಡಿನ ತೋಟದವರು

ಇದೇ ಜಾಗದಲ್ಲಿ ನನ್ನದೂ ಒಂದು ಸಂಶಯ. ನನಗೂ ಸ್ಟೆಂಟ್ ಇದೆ, ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ಮುಂದಿನ ವಾರ ದವಡೆ ಹಲ್ಲು ಕೀಳಬೇಕು. ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತೇನೆ ಎಂದಿದ್ದಾರೆ ದಂತ ವೈದ್ಯರು. ಅದರಿಂದಲೂ ಹೃದಯಕ್ಕೆ ತೊಂದರೆಯೇ?

ಕುಶಾಲನಗರದ ವೈದ್ಯ

ಮುಕ್ಕಳಿಸಿ ಉಗುಳುವುದು, ಅಥವಾ ಅದರಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಗಾಯದ ಮೇಲೆ ಕಚ್ಚಿ ಹಿಡಿಯುವುದು, ಇವುಗಳಿಂದ ರಕ್ತಕ್ಕೆ ಸೇರುವ ಔಷಧ ಅತ್ಯಲ್ಪ. ನುಂಗಬೇಡಿ. ಆಸ್ಪಿರಿನ್ ನಿಲ್ಲಿಸದೆ ಹಲ್ಲು ಕೀಳಲು ಅನುಕೂಲವಾಗಲಿ ಎಂದೇ ಹೀಗೆ ಮಾಡುತ್ತಾರೆ. ನಿಮ್ಮ ದಂತ ವೈದ್ಯರು ಸ್ಟೆಂಟ್ ಬಗ್ಗೆ ಕೇಳಿಯೇ ಹೇಳಿದ್ದಾರೆ ಎಂದುಕೊಳ್ಳುತ್ತೇನೆ. ಕೇಳಿರದಿದ್ದರೆ ಸ್ಟೆಂಟ್ ಹಾಕಿದ ದಿನಾಂಕ, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಮತ್ತು ಪ್ರಮಾಣ ಬರೆದ ಕಾಗದವನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಕೈಗೆ ಕೊಡಿ. ಹಲ್ಲನ್ನು ಬೆಳಿಗ್ಗೆಯೇ ಕೀಳಿಸಿಕೊಳ್ಳಿ. ರಕ್ತ ಮತ್ತೆ ಜಿನುಗಿದರೆ ಹಗಲಿನಲ್ಲೇ ಅವರ ಬಳಿ ಹಿಂತಿರುಗಲು ಸಮಯವಿರುತ್ತದೆ.